ಬಿಲ್ಲಿಗೆಷ್ಟು, ಬಾಣಕ್ಕೆಷ್ಟು?

ಆಗಸ್ಟ್ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್, ಒಹಾಯೊ ಕಡೆಯ ಬಿಲ್ಲಿನ ಅಂಗಡಿಗಳು ಗಿಜಿಗುಡತೊಡಗುತ್ತವೆ. ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಬೇಟೆಯ ಋತು ಸೆಪ್ಟೆಂಬರ್ ಮಧ್ಯಕ್ಕೇ ಶುರುವಾಗುತ್ತದೆ, ಮಿಷಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ. ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವವರಿಗೆ ನವೆಂಬರಿನಲ್ಲಿ ಸಿಗುವುದು ಒಂದೆರಡು ವಾರ. ಬಿಲ್ಲು ಹಿಡಿದವರಿಗೆ ತಿಂಗಳುಗಟ್ಟಲೆ ಅವಕಾಶ. ಮನೆಗಳು ಹತ್ತಿರವಿರುವ ಕಾರಣಕ್ಕೆ ಕೋವಿಗೆ ಅನುಮತಿಯೇ ಇಲ್ಲದ ಊರಂಚಿನ ಕಾಡುಗಳಲ್ಲೂ ಎಷ್ಟೋ ಕಡೆ ಬಿಲ್ಲಿಗೆ ಅನುಮತಿಯಿದೆ. ಹೀಗಾಗಿ ಪ್ರತಿ ವರ್ಷವೂ ಹೊಸಬರು ಅಂಗಡಿಯ ಗೋಡೆಯೆದುರು ನಿಂತು ಕತ್ತೆತ್ತಿ ನೋಡುತ್ತಾರೆ. ಕೆಳಗಿನ ಸಾಲಿನಲ್ಲಿ ನಾನೂರು ಡಾಲರಿನ ಬಿಲ್ಲು, ಕಣ್ಣಿನ ಮಟ್ಟದಲ್ಲಿ ಸಾವಿರದ ಇನ್ನೂರು ಮುನ್ನೂರರದ್ದು, ಅದರ ಪಕ್ಕದಲ್ಲೇ ಕಾರ್ಬನ್ ಮೈಯ, ಎರಡು ಸಾವಿರದ ಹತ್ತಿರ ಹೋಗುವ ಬಿಲ್ಲು. ನೋಡಲು ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ.

ಕರ್ನಾಟಕದಿಂದ ಬಂದು ಇಲ್ಲಿ ಬೇರೂರಿದ ಗೆಳೆಯರಲ್ಲೂ ಕೆಲವರಿಗೆ ಈಚೆಗೆ ಇದರ ಆಸೆ ಹುಟ್ಟಿದೆ. ಜೊತೆಗೆ ಕೆಲಸ ಮಾಡುವವರು ಕರೆಯುತ್ತಾರೆ, ಮಕ್ಕಳು ಶಾಲೆಯಲ್ಲಿ ಬಿಲ್ಲು ಹಿಡಿದಿರುತ್ತಾರೆ, ಮಾಂಸ ತಿನ್ನುವುದಾದರೆ ಅದು ಎಲ್ಲಿಂದ ಬಂತೆಂದು ತಿಳಿದೇ ತಿನ್ನಬೇಕು ಎನ್ನುವವರೂ ಇದ್ದಾರೆ. ಅವರೆಲ್ಲರ ಮೊದಲ ಪ್ರಶ್ನೆ ಒಂದೇ: “ಅಣ್ಣಾ, ಎಷ್ಟರ ಬಿಲ್ಲು ತಗೊಳ್ಳಲಿ?” ನನ್ನ ಉತ್ತರವೂ ಒಂದೇ. ಬಿಲ್ಲಿಗೆ ಕೈಲಿರುವ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಹಾಕಬೇಡ. ಉಳಿದರ್ಧ ಬಾಣಕ್ಕೆ, ಅಲಗಿಗೆ, ಬಿಲ್ಲನ್ನು ನಿನ್ನ ಮೈಗೆ ಹೊಂದಿಸಿಕೊಡುವವನಿಗೆ, ಅಭ್ಯಾಸಕ್ಕೆ. ಇದು ಬರೀ ಉಳಿತಾಯದ ಮಾತಲ್ಲ. ಬಾಣ ತಪ್ಪಿ ಹೊಟ್ಟೆಗೆ ಬಿದ್ದ ಜಿಂಕೆ ಗಂಟೆಗಟ್ಟಲೆ ನರಳುತ್ತದೆ. ಒಂದು ಜೀವ ತೆಗೆಯಲು ಹೊರಟವನು ಅದನ್ನು ಆದಷ್ಟು ಬೇಗ, ಆದಷ್ಟು ನೋವಿಲ್ಲದೆ ತೆಗೆಯಬೇಕು. ಬಿಲ್ಲಿಗೆ ಹಾಕುವ ಪ್ರತಿ ಡಾಲರನ್ನೂ ಈ ಹೊಣೆಗೆ ಒರೆಹಚ್ಚಿ ನೋಡಬೇಕು.

ಅಂಗಡಿಯ ಗೋಡೆಯಲ್ಲಿ ಕಾಣುವ ಈ ಕಾಂಪೌಂಡ್ ಬಿಲ್ಲು ಹಳೆಯ ಕಾಲದ್ದೇನಲ್ಲ. ಮಿಸ್ಸೂರಿ ರಾಜ್ಯದ ಹೊಲೆಸ್ ವಿಲ್ಬರ್ ಆಲನ್ ಎಂಬಾತ 1960ರ ದಶಕದಲ್ಲಿ ಮಾಮೂಲಿ ಬಿಲ್ಲೊಂದರ ಎರಡೂ ತುದಿ ಕತ್ತರಿಸಿ ಅಲ್ಲಿ ಗಾಲಿಗಳನ್ನು ಕೂರಿಸಿದ. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಟಾಮ್ ಜೆನ್ನಿಂಗ್ಸ್ ಈ ಬಿಲ್ಲನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರಿದ ಮೊದಲಿಗ. ಮಾಮೂಲಿ ಬಿಲ್ಲಿನ ಹೆದೆಯನ್ನು ಹಿಂದಕ್ಕೆ ಎಳೆದಷ್ಟೂ ಭಾರ ಏರುತ್ತದೆ. ಪೂರ್ತಿ ಎಳೆದು ಗುರಿ ಹಿಡಿಯುವ ಹೊತ್ತಿಗೆ ಆ ಭಾರವೆಲ್ಲ ಬೆರಳುಗಳ ಮೇಲಿರುತ್ತದೆ. ಆಲನ್‌ನ ಗಾಲಿಗಳ ಅಚ್ಚು ನಡುವಿನಲ್ಲಿ ಇರಲಿಲ್ಲ. ಹೆದೆ ಎಳೆದಂತೆ ಅವು ತಿರುಗಿ, ಭಾರ ಮೊದಲು ಏರಿ, ಕೊನೆಯಲ್ಲಿ ಧೊಪ್ಪನೆ ಇಳಿಯುತ್ತದೆ. ಇವತ್ತು ಆ ಗಾಲಿಗಳನ್ನು ಕ್ಯಾಮ್ ಎನ್ನುತ್ತಾರೆ, ಭಾರ ಇಳಿಯುವುದನ್ನು ಲೆಟ್‌ಆಫ್ ಎನ್ನುತ್ತಾರೆ. ಈಗಿನ ಬೇಟೆ ಬಿಲ್ಲುಗಳಲ್ಲಿ ಇದು ಶೇ 80ರಿಂದ 90ರವರೆಗೂ ಇರುತ್ತದೆ. ಅಂದರೆ 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಕೈ ಹಿಡಿದಿರುವುದು ಬರೀ 12 ಪೌಂಡ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಮರದ ಮೇಲಿನ ಅಟ್ಟಣೆಯಲ್ಲಿ ಕೂತವನು ಜಿಂಕೆ ಇನ್ನೆರಡು ಹೆಜ್ಜೆ ಮುಂದೆ ಬರಲಿ ಎಂದು ಹೆದೆ ಬಿಡದೆ ಕಾಯಬಲ್ಲನೆಂದರೆ ಅದು ಈ ಕ್ಯಾಮ್‌ಗಳ ಕೃಪೆ. ಮುಖ್ಯವಾದ ಮಾತೆಂದರೆ, ಈ ಅನುಕೂಲ ನಾನೂರು ಡಾಲರಿನ ಬಿಲ್ಲಿನಲ್ಲೂ ಇದೆ.

ಹಾಗಾದರೆ ಬಿಲ್ಲಿನಲ್ಲಿ ನೋಡಬೇಕಾದ್ದು ಏನು? ಮೊದಲು ಅಳತೆ. ಚಪ್ಪಲಿಗಿದ್ದಂತೆ ಬಿಲ್ಲಿಗೂ ಅಳತೆಯಿದೆ, ಅದು ಕಾಂಪೌಂಡ್‌ನಲ್ಲಿ ಇನ್ನೂ ಕಟ್ಟುನಿಟ್ಟು. ಹೆದೆ ಒಂದು ಹಂತಕ್ಕೆ ಬಂದು ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ, ಅಲ್ಲಿಂದ ಹಿಂದಕ್ಕೆ ಬರುವುದಿಲ್ಲ. ಆ ನಿಲುಗಡೆ ನಿಮ್ಮ ಮೈಗೆ ಸರಿಯಾದ ಜಾಗದಲ್ಲೇ ಇರಬೇಕು. ಅದಕ್ಕೆ ಡ್ರಾ ಲೆಂಗ್ತ್ ಎನ್ನುತ್ತಾರೆ. ಅಳೆಯುವ ಬಗೆ ಸುಲಭ. ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ತೋಳು ಚಾಚಬೇಕು, ಮೈ ಹಿಗ್ಗಿಸಬಾರದು. ನಡುಬೆರಳ ತುದಿಯಿಂದ ಇನ್ನೊಂದು ನಡುಬೆರಳ ತುದಿಯವರೆಗೆ ಎಷ್ಟು ಇಂಚು ಎಂದು ಅಳೆದು, ಎರಡೂವರೆಯಿಂದ ಭಾಗಿಸಬೇಕು. 66 ಇಂಚು ಬಂದರೆ 26 ಚಿಲ್ಲರೆ. 70 ಬಂದರೆ 28. ಇದು ಆರಂಭದ ಅಂದಾಜು. ಒಳ್ಳೆಯ ಅಂಗಡಿಯವನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹೆದೆ ಎಳೆಸಿ, ಪಕ್ಕದಲ್ಲಿ ನಿಂತು, ಹೆದೆ ಮೂಗಿನ ತುದಿಗೆ ಮೆಲ್ಲಗೆ ತಾಗುತ್ತಿದೆಯೇ, ತಲೆ ಹಿಂದಕ್ಕೆ ವಾಲಿದೆಯೇ, ಬಿಲ್ಲು ಹಿಡಿದ ತೋಳಿನ ಭುಜ ಕಿವಿಯತ್ತ ಏರಿದೆಯೇ ಎಂದು ನೋಡುತ್ತಾನೆ. ತಲೆ ಹಿಂದಕ್ಕೆ ವಾಲಿದರೆ ಉದ್ದ ಜಾಸ್ತಿಯಾಗಿದೆ ಎಂದರ್ಥ, ಅರ್ಧ ಇಂಚು ಇಳಿಸುತ್ತಾನೆ. ಆ ಅರ್ಧ ಇಂಚು ನಿಮ್ಮ ಗುರಿಗೆ ಮಾಡುವ ಉಪಕಾರವನ್ನು ಬಿಲ್ಲಿನ ಮೇಲೆ ಹೆಚ್ಚಿಗೆ ಸುರಿದ ಐನೂರು ಡಾಲರು ಮಾಡುವುದಿಲ್ಲ.

ನಮ್ಮ ಕಡೆಯವರಿಗೆ ಇಲ್ಲೊಂದು ಪ್ರತ್ಯೇಕ ಮಾತು. ಐದೂವರೆ ಅಡಿ ಎತ್ತರದವರು ಅಂಗಡಿಯಲ್ಲಿ ತೂಗುಹಾಕಿರುವ ಪ್ರದರ್ಶನದ ಬಿಲ್ಲನ್ನು ಹಾಗೇ ಎಳೆದು ಕೊಂಡುಬಿಡಬಾರದು. ಅದನ್ನು ಸಾಮಾನ್ಯವಾಗಿ ಆರಡಿ ಆಳಿಗೆ ಹೊಂದುವಂತೆ ಇಟ್ಟಿರುತ್ತಾರೆ. ನಿಮಗೆ 26, 27 ಇಂಚು ಬೇಕಾದೀತು. ಕೆಲವು ದುಬಾರಿ ಬಿಲ್ಲುಗಳಲ್ಲಿ ಆ ಅಳತೆಗೆ ಕ್ಯಾಮ್‌ನ ಒಂದು ತುಂಡನ್ನೇ ಬೇರೆ ಕೊಂಡು ಹಾಕಿಸಬೇಕು. ಇನ್ನು ಕಣ್ಣು. ಎರಡೂ ಅಂಗೈ ಮುಂದಕ್ಕೆ ಚಾಚಿ, ನಡುವೆ ಸಣ್ಣ ಕಿಂಡಿ ಬಿಟ್ಟು, ಅದರಲ್ಲಿ ದೂರದ ಗಡಿಯಾರವನ್ನೋ ಬಾಗಿಲ ಚಿಲಕವನ್ನೋ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಅದು ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಮುಂದಾಳು ಕಣ್ಣು. ಬಲಗೈ ಬಳಸುವವರಲ್ಲೂ ಎಡಗಣ್ಣು ಮುಂದಾಳಾಗಿರುವುದುಂಟು. ಅಂಥವರು ಬಲಗೈ ಬಿಲ್ಲು ಕೊಳ್ಳುವ ಮೊದಲು ಎಡಗೈ ಬಿಲ್ಲನ್ನೂ ಎಳೆದು ನೋಡಬೇಕು.

ಅಳತೆಯ ನಂತರ ಭಾರ. ಗಂಡಸರು ಎಡವುವುದೇ ಇಲ್ಲಿ. ಎಪ್ಪತ್ತು ಪೌಂಡಿನ ಬಿಲ್ಲು ಎಳೆಯಲಾಗದಿದ್ದರೆ ಮರ್ಯಾದೆ ಹೋಯಿತೆಂಬ ಭಾವನೆ ಅಂಗಡಿಯ ಗಾಳಿಯಲ್ಲೇ ಇರುತ್ತದೆ. ಪರೀಕ್ಷೆ ಹೀಗೆ ಮಾಡಿ: ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು, ಆಕಾಶದ ಕಡೆ ಎತ್ತದೆ, ನಿಧಾನವಾಗಿ ಹೆದೆ ಎಳೆಯಿರಿ. ಬಿಲ್ಲನ್ನು ಮೇಲೆತ್ತಿ, ಮೈ ತಿರುಚಿ, ಉಸಿರು ಬಿಗಿಹಿಡಿದು ಎಳೆಯಬೇಕಾದರೆ ಆ ಭಾರ ನಿಮ್ಮದಲ್ಲ. ನವೆಂಬರಿನ ಮುಂಜಾವಿನಲ್ಲಿ ದಪ್ಪ ಕೋಟು ತೊಟ್ಟು, ಎರಡು ಗಂಟೆ ಅಲುಗಾಡದೆ ಕೂತು, ಮೈ ಸೆಟೆದಿರುವಾಗ ಜಿಂಕೆ ಕಣ್ಣೆದುರೇ ನಿಂತಿರುತ್ತದೆ. ಆಗ ಬಿಲ್ಲನ್ನು ಮೇಲೆತ್ತಿದರೆ ಅದು ನೋಡಿ ಓಡುತ್ತದೆ.

ಎಷ್ಟು ಭಾರ ಸಾಕು ಎಂಬುದಕ್ಕೆ ಕಾನೂನೇ ಒಂದು ಸೂಚನೆ ಕೊಡುತ್ತದೆ. ಕೊಲರಾಡೊ ರಾಜ್ಯ ಬೇಟೆ ಬಿಲ್ಲಿಗೆ ಹೇಳುವ ಕನಿಷ್ಠ ಭಾರ 35 ಪೌಂಡ್. 40 ಎನ್ನುವ ರಾಜ್ಯಗಳೂ ಇವೆ. ಇತಿಹಾಸದ ಸೂಚನೆ ಇನ್ನೂ ಗಟ್ಟಿ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯ ವ್ಯಕ್ತಿ ಇಶಿ, ತನ್ನವರೆಲ್ಲ ಹತರಾಗಿ ಅಳಿದುಹೋದ ಮೇಲೆ, 1911ರಲ್ಲಿ ಕಾಡಿನಿಂದ ಹೊರಬಂದ. ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲು ಕೆತ್ತುವುದನ್ನೂ ಬೇಟೆಯಾಡುವುದನ್ನೂ ಕಲಿತರು. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಪ್ರಕಟಿಸಿದ ಪುಸ್ತಕದಿಂದಲೇ ಅಮೆರಿಕದ ಆಧುನಿಕ ಬಿಲ್ಲುಬೇಟೆ ಚಿಗುರಿತು. ಜುನಿಪರ್ ಮರದಿಂದ ಮಾಡಿ, ಬೆನ್ನಿಗೆ ಸ್ನಾಯು ಅಂಟಿಸಿದ ಇಶಿಯ ಬಿಲ್ಲಿನ ಭಾರ ಸುಮಾರು 45 ಪೌಂಡ್. ಅವನು ಜಿಂಕೆಗೆ ತೀರಾ ಹತ್ತಿರ ಹೋಗುತ್ತಿದ್ದ, ಅಷ್ಟೇ. ಇವತ್ತಿನ ಕಾಂಪೌಂಡ್ ಅದೇ 45 ಪೌಂಡಿಗೆ ಬಾಣವನ್ನು ಅದಕ್ಕಿಂತ ಬಹಳ ವೇಗವಾಗಿ ಕಳಿಸುತ್ತದೆ. ಜಿಂಕೆಗೆ 50 ಪೌಂಡ್ ಧಾರಾಳ ಸಾಕು, 60 ಇದ್ದರೆ ಮತ್ತೇನೂ ಬೇಡ.

ಇಷ್ಟು ಹೇಳಿದ ಮೇಲೂ ಕೊಳ್ಳುವವರ ಕಣ್ಣು ಹೋಗುವುದು ವೇಗದ ಅಂಕಿಗೆ. ಬಿಲ್ಲಿನ ಚೀಟಿಯ ಮೇಲೆ ಸೆಕೆಂಡಿಗೆ 340 ಅಡಿ, 350 ಅಡಿ ಎಂದು ಅಚ್ಚಾಗಿರುತ್ತದೆ. ಆ ಅಂಕಿ ಸುಳ್ಳಲ್ಲ. ಆದರೆ ಅದನ್ನು ಅಳೆದಿರುವುದು 70 ಪೌಂಡ್ ಭಾರ, 30 ಇಂಚು ಎಳೆತ, 350 ಗ್ರೇನ್ ತೂಕದ ಹಗುರ ಬಾಣಕ್ಕೆ. ನಿಮ್ಮದು ಹಾಗಿರುವುದಿಲ್ಲ. ಎಳೆತದಲ್ಲಿ ಒಂದು ಇಂಚು ಕಡಿಮೆಯಾದರೆ ವೇಗದಲ್ಲಿ ಸುಮಾರು 10 ಅಡಿ ಹೋಗುತ್ತದೆ. ಭಾರದಲ್ಲಿ ಒಂದು ಪೌಂಡಿಗೆ ಸುಮಾರು 2 ಅಡಿ. ಬಾಣದ ತೂಕ ಮೂರು ಗ್ರೇನ್ ಏರಿದರೆ ಒಂದು ಅಡಿ. 27 ಇಂಚಿನ, 60 ಪೌಂಡಿನ, 420 ಗ್ರೇನ್ ಬಾಣದ ನಮ್ಮ ಗೆಳೆಯನ ಕೈಯಲ್ಲಿ 340ರ ದುಬಾರಿ ಬಿಲ್ಲು ಕೊಡುವುದು 265ರ ಆಸುಪಾಸು. 310 ಎಂದು ಬರೆದ ಅಗ್ಗದ ಬಿಲ್ಲು ಅದೇ ಕೈಯಲ್ಲಿ 235 ಕೊಡುತ್ತದೆ.

ಈ ಮೂವತ್ತು ಅಡಿಯ ವ್ಯತ್ಯಾಸಕ್ಕೆ ಬೆಲೆಯೆಷ್ಟು ಎಂದು ಲೆಕ್ಕ ಹಾಕೋಣ. ದಟ್ಟ ಮರಗಳ ಪೂರ್ವದ ಕಾಡುಗಳಲ್ಲಿ ಬಿಲ್ಲುಬೇಟೆ ನಡೆಯುವುದೇ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಗಜದಲ್ಲಿ. ಇಪ್ಪತ್ತು ಗಜವೆಂದರೆ 60 ಅಡಿ. ವೇಗದ ಬಾಣ ಅದನ್ನು ಕ್ರಮಿಸಲು ಸೆಕೆಂಡಿನ ನೂರರಲ್ಲಿ 23 ಭಾಗ ತೆಗೆದುಕೊಳ್ಳುತ್ತದೆ, ನಿಧಾನದ ಬಾಣ 26 ಭಾಗ. ಎಂಟುನೂರು ಡಾಲರು ಹೆಚ್ಚು ಕೊಟ್ಟು ಕೊಳ್ಳುವುದು ಸೆಕೆಂಡಿನ ನೂರರಲ್ಲಿ ಮೂರು ಭಾಗವನ್ನು. ಅತ್ತ ಹೆದೆಯ ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ವೇಗದಲ್ಲಿ ಓಡಿ, ಎರಡೂ ಬಾಣಗಳಿಗಿಂತ ಬಹಳ ಮೊದಲೇ ಜಿಂಕೆಯ ಕಿವಿ ಮುಟ್ಟಿರುತ್ತದೆ. ಬೆದರಿದ ಜಿಂಕೆ ನೆಗೆಯಲು ಮೊದಲು ಮೈ ಕುಗ್ಗಿಸುತ್ತದೆ, ಬಾಣ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಯಾವ ಬಿಲ್ಲೂ ಸದ್ದನ್ನು ಹಿಂದಿಕ್ಕುವುದಿಲ್ಲ. ಹಾಗಾಗಿ ವೇಗಕ್ಕಿಂತ ಸದ್ದಡಗಿದ ಬಿಲ್ಲು ಮೇಲು, ಅದಕ್ಕೂ ಮೇಲು ಹತ್ತಿರ ಬರುವವರೆಗೆ ಕಾಯುವ ತಾಳ್ಮೆ. ತುಸು ತೂಕದ ಬಾಣ ಹಾಕಿದರೆ ಬಿಲ್ಲಿನ ಸದ್ದೂ ತಗ್ಗುತ್ತದೆ, ಬಾಣ ಮಾಂಸದಲ್ಲಿ ಆಳಕ್ಕೂ ಇಳಿಯುತ್ತದೆ.

ಹೊಡೆತದ ಶಕ್ತಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯಂತೆ ಜಿಂಕೆಗೆ ಬೇಕಾದ್ದು 25ರಿಂದ 41 ಅಡಿ-ಪೌಂಡ್ ಶಕ್ತಿ. ಎಲ್ಕ್, ಕಪ್ಪು ಕರಡಿಗೆ 42ರಿಂದ 65. ನಮ್ಮ ಅಗ್ಗದ ಬಿಲ್ಲಿನ 420 ಗ್ರೇನ್ ಬಾಣ 235 ಅಡಿ ವೇಗದಲ್ಲಿ ಹೊತ್ತೊಯ್ಯುವುದು ಸುಮಾರು 51. ಜಿಂಕೆಗೆ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು.

ದುಬಾರಿ ಬಿಲ್ಲು ಕೊಂಡವರೆಲ್ಲ ಮೋಸ ಹೋದವರು ಎಂದು ನಾನು ಹೇಳುತ್ತಿಲ್ಲ. ವಿಸ್ಕಾನ್ಸಿನ್‌ನ ಸ್ಪಾರ್ಟಾದ ಮ್ಯಾಥ್ಯೂಸ್, ಸಾಲ್ಟ್ ಲೇಕ್ ಸಿಟಿಯ ಹಾಯ್ಟ್ ಇವರ ಮೇಲ್ದರ್ಜೆಯ ಬಿಲ್ಲು ಕೈಗೆತ್ತಿಕೊಂಡರೆ ಅದರ ಕೆಲಸಗಾರಿಕೆ ಅರಿವಿಗೆ ಬರುತ್ತದೆ. ಬಾಣ ಬಿಟ್ಟಾಗ ಕೈಗೆ ನಡುಕ ತಾಗುವುದಿಲ್ಲ, ಸದ್ದು ಕಡಿಮೆ, ಹೆದೆ ಬೆಣ್ಣೆಯಷ್ಟು ನಯವಾಗಿ ಹಿಂದೆ ಬರುತ್ತದೆ, ಬಾಣದ ಹಾರಾಟವನ್ನು ತಿದ್ದಿಕೊಳ್ಳುವ ಏರ್ಪಾಡೂ ಉತ್ತಮ. ವರ್ಷಗಟ್ಟಲೆ ಬಿಲ್ಲು ಹಿಡಿದವನಿಗೆ ಈ ಒಂದೊಂದೂ ಉಪಯೋಗಕ್ಕೆ ಬರುತ್ತದೆ. ಹೊಸಬನ ಕೈ ನಡುಗುವುದು ಬಿಲ್ಲಿನಿಂದಲ್ಲ, ಎದೆಬಡಿತದಿಂದ. ಅದಕ್ಕೆ ಮ್ಯಾಥ್ಯೂಸ್‌ನಲ್ಲೂ ಮದ್ದಿಲ್ಲ.

ಹೊಸಬನಿಗೆ ನಾನು ತೋರಿಸುವುದು ಬೇರ್ ಆರ್ಚರಿಯ ಕ್ರೂಸರ್, ಲೆಜಿಟ್, ಡೈಮಂಡ್ ಕಂಪನಿಯ ಇನ್ಫಿನಿಟ್ ಎಡ್ಜ್ ಈ ಜಾತಿಯ ಬಿಲ್ಲುಗಳನ್ನು. ಬೇಟೆಗೆ ಸಿದ್ಧ ಎಂಬ ಹೆಸರಿನ ಕಟ್ಟಿನಲ್ಲಿ ಬಿಲ್ಲಿನ ಜೊತೆ ಗುರಿ ನೋಡುವ ಸೈಟ್, ಬಾಣ ಕೂರುವ ರೆಸ್ಟ್, ಬತ್ತಳಿಕೆ ಎಲ್ಲ ಸೇರಿ ನಾನೂರು, ಐನೂರು ಡಾಲರಿನ ಸುತ್ತಮುತ್ತ ಸಿಗುತ್ತವೆ. ಇವುಗಳ ದೊಡ್ಡ ಗುಣ ಹೊಂದಿಕೊಳ್ಳುವಿಕೆ. ಡೈಮಂಡ್‌ನ ಇನ್ಫಿನಿಟ್ ಎಡ್ಜ್ ಪ್ರೊ ಮಾದರಿಯಲ್ಲಿ ಎಳೆತವನ್ನು 13 ಇಂಚಿನಿಂದ 31ರವರೆಗೆ, ಭಾರವನ್ನು 5 ಪೌಂಡಿನಿಂದ 70ರವರೆಗೆ ಬದಲಾಯಿಸಬಹುದು. ಹೊಸ ತುಂಡು ಕೊಳ್ಳಬೇಕಿಲ್ಲ, ಅಲೆನ್ ಕೀ ಸಾಕು. ಜೂನ್‌ನಲ್ಲಿ 40 ಪೌಂಡಿಗೆ ಶುರುಮಾಡಿ, ಬೆನ್ನಿನ ಸ್ನಾಯು ಬಲಿತಂತೆ ಸೆಪ್ಟೆಂಬರಿಗೆ 55ಕ್ಕೆ ಏರಿಸಬಹುದು. ಅಪ್ಪನ ಬಿಲ್ಲನ್ನೇ ಮಗಳ ಅಳತೆಗೆ ಇಳಿಸಿ ಕಲಿಸಬಹುದು. ದುಬಾರಿ ಬಿಲ್ಲಿನಲ್ಲಿ ಭಾರ ಬದಲಾಯಿಸಲು ಸಿಗುವ ಅಂತರ ಸಾಮಾನ್ಯವಾಗಿ ಹತ್ತು ಪೌಂಡ್ ಮಾತ್ರ. ಆದರೆ ಹೆಸರಿಲ್ಲದ, ಬಿಡಿಭಾಗ ಸಿಗದ, ಕೇಳುವವರಿಲ್ಲದ ನೂರಿಪ್ಪತ್ತು ಡಾಲರಿನ ಬಿಲ್ಲನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ. ಎಳೆದ ಹೆದೆಯ ಹಿಂದೆ ಮುಖವಿರುತ್ತದೆ, ಕಣ್ಣಿರುತ್ತದೆ.

ಇನ್ನೊಂದು ದಾರಿ ಸೆಕೆಂಡ್ ಹ್ಯಾಂಡ್. ಮೊಬೈಲ್ ಫೋನಿನಂತೆ ಬಿಲ್ಲಿನ ಕಂಪನಿಗಳೂ ಪ್ರತಿ ವರ್ಷ ಹೊಸ ಮಾದರಿ ಬಿಡುತ್ತವೆ, ಬಹುಪಾಲು ಅಕ್ಟೋಬರಿನಿಂದ ಜನವರಿಯೊಳಗೆ. ಹೊಸತು ಬಂದ ಕೂಡಲೇ ಹಳೆಯದರ ಬೆಲೆ ಬೀಳುತ್ತದೆ. ಮೂರ್ನಾಲ್ಕು ವರ್ಷದ ಹಿಂದಿನ ಮೇಲ್ದರ್ಜೆಯ ಬಿಲ್ಲು ಅರ್ಧ ಬೆಲೆಗೆ ಸಿಕ್ಕರೆ ಅದು ಒಳ್ಳೆಯ ವ್ಯಾಪಾರ, ಆದರೆ ಕಣ್ಣುಮುಚ್ಚಿ ಕೊಳ್ಳುವ ವಸ್ತುವಲ್ಲ. ಒಂದು ಹತ್ತಿಯುಂಡೆ ತೆಗೆದುಕೊಂಡು ಬಿಲ್ಲಿನ ಎರಡೂ ತೋಳುಗಳ ಅಂಚಿನುದ್ದಕ್ಕೂ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರು ಎದ್ದಿದೆ, ಅಥವಾ ಬಿರುಕಿದೆ ಎಂದರ್ಥ. ಕ್ಯಾಮ್‌ನಲ್ಲಿ ಹೆದೆ ಕೂರುವ ತೋಡಿನಲ್ಲೂ ಹಾಗೇ ಸವರಿ. ಹಲ್ಲು ಎದ್ದಿದ್ದರೆ ಅದು ಹೆದೆಯನ್ನು ಕತ್ತರಿಸುತ್ತದೆ. ಹೆದೆ ಬೂಸ್ಟು ಹಿಡಿದಂತೆ ನಾರುನಾರಾಗಿದ್ದರೆ ಹೊಸ ಹೆದೆ, ಕೇಬಲ್‌ಗಳಿಗೆ ನೂರರಿಂದ ಇನ್ನೂರು ಡಾಲರು ಸೇರಿಸಿ ಲೆಕ್ಕ ಹಾಕಿ. ಬಾಣವಿಲ್ಲದೆ ಹೆದೆ ಬಿಟ್ಟಿದ್ದೀರಾ ಎಂದು ನೇರವಾಗಿ ಕೇಳಿ. ಬಾಣ ಹೊತ್ತೊಯ್ಯಬೇಕಿದ್ದ ಶಕ್ತಿಯೆಲ್ಲ ಆಗ ಬಿಲ್ಲಿನ ಮೈಗೇ ಬಡಿಯುತ್ತದೆ. ಹೊರಗೆ ಕಾಣದ ಪೆಟ್ಟು ಒಳಗಿರಬಹುದು. ಕಂಪನಿಗಳ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ, ನಿಮಗೆ ಬರುವುದಿಲ್ಲ. ಎಲ್ಲಕ್ಕಿಂತ ಮೊದಲು, ಆ ಬಿಲ್ಲು ನಿಮ್ಮ ಡ್ರಾ ಲೆಂಗ್ತ್‌ಗೆ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಈಗ ಬಾಣ. ಜಿಂಕೆಯ ಮೈಯೊಳಗೆ ಹೋಗುವುದು ಬಾಣ, ಬಿಲ್ಲಲ್ಲ. ಗುಂಡಿನಂತೆ ಬಾಣ ಆಘಾತದಿಂದ ಕೊಲ್ಲುವುದಿಲ್ಲ. ಅಲಗು ಶ್ವಾಸಕೋಶಗಳನ್ನು ಸೀಳಿ ರಕ್ತ ಹರಿಸಿ ಕೊಲ್ಲುತ್ತದೆ. ಎರಡೂ ಶ್ವಾಸಕೋಶಗಳ ಮೂಲಕ ಹರಿತವಾದ ಅಲಗು ಹಾದುಹೋದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಆದ್ದರಿಂದ ಅಲಗಿನಲ್ಲಿ ಚೌಕಾಸಿ ಮಾಡಬಾರದು. ಮೂರು ಅಲಗಿನ ಪೊಟ್ಟಣಕ್ಕೆ ನಲವತ್ತು ಡಾಲರಿನ ಆಸುಪಾಸು. ಮಡಚಿಕೊಂಡಿದ್ದು ತಾಗಿದಾಗ ತೆರೆಯುವ ಬಗೆಯೂ ಇದೆ, ಆದರೆ ತೆರೆಯುವುದಕ್ಕೇ ಒಂದಷ್ಟು ಶಕ್ತಿ ಖರ್ಚಾಗುತ್ತದೆ. 50 ಪೌಂಡಿನ ಬಿಲ್ಲಿಗೆ ಸ್ಥಿರ ಅಲಗೇ ಸರಿ. ಮುಂಗೈ ಮೇಲಿನ ಕೂದಲನ್ನು ನಯವಾಗಿ ಹೆರೆಯದ ಅಲಗು ಕಾಡಿಗೆ ಹೋಗಬಾರದು. ಅಭ್ಯಾಸಕ್ಕೆ ಬಳಸಿದ ಅಲಗನ್ನು ಮಸೆಯದೆ ಬೇಟೆಗೆ ಒಯ್ಯುವುದು ತಪ್ಪು.

ಬಾಣದ ಕಡ್ಡಿಗೂ ಬಿಗಿತವೆಂಬುದಿದೆ. ಹೆದೆ ತಳ್ಳಿದಾಗ ಕಡ್ಡಿ ಬಾಗುತ್ತದೆ. ಬಿಲ್ಲಿನ ಭಾರಕ್ಕೆ ತಕ್ಕ ಬಿಗಿತವಿಲ್ಲದಿದ್ದರೆ ಹಾವಿನಂತೆ ಬಳುಕಿ ಹಾರುತ್ತದೆ, ತೀರಾ ಮೆತ್ತಗಿದ್ದರೆ ಮುರಿದು ಕೈಗೇ ಚುಚ್ಚೀತು. ಕಡ್ಡಿಯ ಮೇಲೆ 400, 340 ಎಂದು ಬರೆದಿರುತ್ತದೆ, ಅಂಕಿ ಚಿಕ್ಕದಾದಷ್ಟೂ ಬಿಗಿತ ಹೆಚ್ಚು. ಮೇಲೆ ಹೇಳಿದ 60 ಪೌಂಡ್, 27 ಇಂಚಿಗೆ 400ರ ಸುತ್ತಮುತ್ತಲಿನದು ಹೊಂದುತ್ತದೆ; ಕಂಪನಿಯ ಪಟ್ಟಿ ನೋಡಿಯೇ ಕೊಳ್ಳಿ. ಬಾಣದ ಒಟ್ಟು ತೂಕ ಬಿಲ್ಲಿನ ಪ್ರತಿ ಪೌಂಡಿಗೆ ಐದು ಗ್ರೇನ್‌ಗಿಂತ ಕಡಿಮೆ ಇರಕೂಡದು, ಬೇಟೆಗೆ ಏಳರ ಹತ್ತಿರವಿದ್ದರೆ ಒಳ್ಳೆಯದು. ಡಜನ್ ಕಾರ್ಬನ್ ಬಾಣ ಎಂಬತ್ತು, ನೂರು ಡಾಲರಿಗೆ ಚೆನ್ನಾದುವು ಸಿಗುತ್ತವೆ.

ಇನ್ನುಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಣಿಕಟ್ಟಿಗೆ ಕಟ್ಟಿಕೊಂಡು ಹೆದೆ ಬಿಡುವ ರಿಲೀಸ್ ಕಟ್ಟಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಐವತ್ತು ಅರವತ್ತು ಡಾಲರು ಇಡಿ. ಬಾಣವನ್ನು ಸುತ್ತಲಿಂದಲೂ ಬ್ರಷ್ಷಿನ ಎಳೆಗಳಲ್ಲಿ ಹಿಡಿದಿಡುವ ವಿಸ್ಕರ್ ಬಿಸ್ಕಟ್ ರೆಸ್ಟ್ ಅಗ್ಗವೂ ಹೌದು, ಕಾಡಿನಲ್ಲಿ ಬಾಣ ಜಾರಿ ಬೀಳದಂತೆ ಕಾಯುವುದೂ ಹೌದು. ಎಂಟುನೂರು ಡಾಲರು ಕೈಲಿದ್ದರೆ ನಾನೂರು ಬಿಲ್ಲಿನ ಕಟ್ಟಿಗೆ, ನೂರು ಬಾಣಕ್ಕೆ, ಎಂಬತ್ತು ಅಲಗಿಗೆ, ಅರವತ್ತು ರಿಲೀಸ್‌ಗೆ, ಎಂಬತ್ತು ಫೋಮ್‌ನ ಗುರಿದಿಂಡಿಗೆ, ಉಳಿದ ಎಂಬತ್ತು ಅಂಗಡಿಯಲ್ಲಿ ಹೊಂದಿಸುವುದಕ್ಕೂ ಪಾಠಕ್ಕೂ. ಹೊಂದಿಸುವಾಗ ಕಾಗದದ ಮೂಲಕ ಬಾಣ ಬಿಡಿಸಿ ನೋಡಿಸಿ. ತೂತು ದುಂಡಗಿದ್ದು ಗರಿಗಳ ಸೀಳು ಸುತ್ತ ಸಮವಾಗಿದ್ದರೆ ಬಾಣ ನೆಟ್ಟಗೆ ಹಾರುತ್ತಿದೆ. ಒಂದು ಬದಿಗೆ ಉದ್ದಕ್ಕೆ ಹರಿದಿದ್ದರೆ ರೆಸ್ಟನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಬಿಡಿಸುತ್ತಾರೆ. ಈ ಕೆಲಸ ಬಲ್ಲ ಅಂಗಡಿಯವನ ಹತ್ತಿರವೇ ಕೊಳ್ಳಿ, ಐವತ್ತು ಡಾಲರು ಹೆಚ್ಚಾದರೂ ಸರಿ.

ದುಡ್ಡಿನ ಮಾತಿನಲ್ಲಿ ತೆರಿಗೆಯನ್ನು ಮರೆಯುವಂತಿಲ್ಲ, ಅದು ಹೆಮ್ಮೆಯಿಂದ ಕೊಡಬೇಕಾದ ತೆರಿಗೆ. 1900ರ ಹೊತ್ತಿಗೆ ಅಮೆರಿಕದ ಬಿಳಿಬಾಲದ ಜಿಂಕೆಗಳು ಐದು ಲಕ್ಷಕ್ಕೋ ಅದಕ್ಕೂ ಕೆಳಗೋ ಇಳಿದಿದ್ದವೆಂದು ಅಂದಾಜು, ಮಾರುಕಟ್ಟೆಗಾಗಿ ಕೊಂದುಹಾಕಿದ್ದರು. ಇವತ್ತು ಸುಮಾರು ಮೂರು ಕೋಟಿ ಇವೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟಿತು. 1972ರ ತಿದ್ದುಪಡಿ ಬಿಲ್ಲುಗಳನ್ನೂ ಸೇರಿಸಿತು. ಬಿಲ್ಲಿನ ಮೇಲೆ ತಯಾರಕರು ಕಟ್ಟುವ ಶೇ 11 ತೆರಿಗೆ ಕಾಡಿನ, ಜಿಂಕೆಯ ಉಳಿವಿಗೇ ಹೋಗುತ್ತದೆ. ವಿಸ್ಕಾನ್ಸಿನ್ ಬಿಲ್ಲಿಗೆಂದೇ ಜಿಂಕೆ ಋತುವನ್ನು ತೆರೆದದ್ದು 1934ರಲ್ಲಿ. ಅದೇ ರಾಜ್ಯದಲ್ಲಿ ನೆಲೆಸಿ ವನ್ಯಜೀವಿ ನಿರ್ವಹಣೆಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಆಲ್ಡೊ ಲಿಯೊಪಾಲ್ಡ್ ತಮ್ಮ ಬಿಲ್ಲುಗಳನ್ನು ತಾವೇ ಕೆತ್ತುತ್ತಿದ್ದರು.

ಭಾರತದಲ್ಲಿ ಅದೇ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯೊಂದಿಗೆ ಬೇಟೆ ನಿಷಿದ್ಧವಾಯಿತು. ನಮ್ಮ ಕಾಡುಗಳ ಪರಿಸ್ಥಿತಿಗೆ ಅದೇ ಸರಿ. ರಜೆಗೆ ಊರಿಗೆ ಹೋಗುವಾಗ ಬೇಟೆ ಬಿಲ್ಲು ಒಯ್ದು ಮಲೆನಾಡಿನ ತೋಟದಲ್ಲಿ ಹಂದಿಗೋ ಕಡವೆಗೋ ಗುರಿಯಿಡುವ ಆಲೋಚನೆ ಯಾರಿಗಾದರೂ ಇದ್ದರೆ ಇಲ್ಲೇ ಬಿಟ್ಟುಬಿಡಿ, ಅದು ಅಪರಾಧ. ಕರ್ನಾಟಕದ ಹುಡುಗ ಹುಡುಗಿಯರಿಗೆ ಕಾಂಪೌಂಡ್ ಹಿಡಿಯುವ ಆಸೆಯಿದ್ದರೆ ಗುರಿಫಲಕದ ಮೈದಾನವಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೇ ಬಂದವು, ಜ್ಯೋತಿ ಸುರೇಖಾ ವೆನ್ನಂ, ಓಜಸ್ ದೇವತಳೆ ವೈಯಕ್ತಿಕ ಚಿನ್ನ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊದಲ ಸಲ ಇರಲಿದೆ. ಆ ಆಟಕ್ಕೆ ಬೇಕಾದ್ದು ಉದ್ದನೆಯ ಬಿಲ್ಲು, 60 ಪೌಂಡ್ ಮೀರುವಂತಿಲ್ಲ. ಅಟ್ಟಣೆಯಲ್ಲಿ ಅಡ್ಡಬರದಿರಲೆಂದು ಗಿಡ್ಡವಾಗಿ ಮಾಡಿದ ಬೇಟೆ ಬಿಲ್ಲನ್ನು ಅದಕ್ಕಾಗಿ ಕೊಳ್ಳಬೇಡಿ.

ಅಮೆರಿಕದಲ್ಲಿರುವವರು ಕೊಳ್ಳುವ ಮೊದಲು ತಮ್ಮ ರಾಜ್ಯದ ನಿಯಮ ಓದಿಕೊಳ್ಳಬೇಕು. ಕೊಲರಾಡೊದಲ್ಲಿ ಲೆಟ್‌ಆಫ್ ಶೇ 80 ಮೀರಬಾರದು, ಬಿಲ್ಲಿನ ಮೇಲೆ ಎಲೆಕ್ಟ್ರಾನಿಕ್ ಉಪಕರಣ ಇರಬಾರದು. ಶೇ 85ರ ಹೊಸ ಬಿಲ್ಲು ಕೊಂಡು ಅಲ್ಲಿಗೆ ಹೋದವನ ದುಡ್ಡು ವ್ಯರ್ಥ. ನ್ಯೂಯಾರ್ಕ್‌ನಲ್ಲಿ ಬಿಲ್ಲುಬೇಟೆಗೆಂದೇ ಪ್ರತ್ಯೇಕ ತರಬೇತಿ ಮುಗಿಸಿರಬೇಕು. ಕಡ್ಡಾಯವಿಲ್ಲದ ಕಡೆಯೂ ಆ ತರಬೇತಿ ಪಡೆಯಿರಿ. ಪ್ರಾಣಿ ಯಾವ ಕೋನದಲ್ಲಿ ನಿಂತಾಗ ಬಿಡಬೇಕು, ಯಾವಾಗ ಬಿಡಕೂಡದು, ಬಿದ್ದ ರಕ್ತದ ಬಣ್ಣ ಏನು ಹೇಳುತ್ತದೆ ಎಂಬುದನ್ನು ಅಲ್ಲೇ ಕಲಿಸುತ್ತಾರೆ.

ಬಿಲ್ಲನ್ನು ಜೂನ್ ಒಳಗೆ ಕೊಳ್ಳಿ, ಸೆಪ್ಟೆಂಬರಿನ ನೂಕುನುಗ್ಗಲಿಗೆ ಕಾಯಬೇಡಿ. ದಿನಕ್ಕೆ ನೂರು ಬಾಣ ಬೇಡ, ಇಪ್ಪತ್ತು ಸಾಕು, ಆದರೆ ಒಂದೊಂದನ್ನೂ ಜಿಂಕೆ ಎದುರಿದೆಯೆಂದೇ ಬಿಡಿ. ನಿಂತು ಬಿಡಿ, ಕೂತು ಬಿಡಿ, ಬೇಟೆಯ ಕೋಟು ತೊಟ್ಟು ಬಿಡಿ, ಸಾಧ್ಯವಿದ್ದರೆ ಎತ್ತರದಿಂದ ಕೆಳಕ್ಕೂ ಬಿಡಿ. ಜಿಂಕೆಯ ಎದೆಗೂಡಿನಲ್ಲಿ ಬಾಣ ಬೀಳಬೇಕಾದ ಜಾಗ ಸುಮಾರು ಎಂಟು ಇಂಚಿನ ವೃತ್ತ. ಋತು ಶುರುವಾಗುವ ಹಿಂದಿನ ವಾರ ಅಷ್ಟೇ ಅಗಲದ ವೃತ್ತ ಬರೆದು, ಬೇಟೆಯ ಅಲಗನ್ನೇ ಸಿಕ್ಕಿಸಿ, ಇಪ್ಪತ್ತು ಗಜದಿಂದ ಐದು ಬಾಣ ಬಿಡಿ. ಒಂದೇ ಒಂದು ಬಾಣ ವೃತ್ತದಾಚೆ ಬಿದ್ದರೂ, ಲೈಸೆನ್ಸ್‌ಗೆ ಕೊಟ್ಟ ದುಡ್ಡಿನ ಮುಖ ನೋಡದೆ, ದಯವಿಟ್ಟು ಈ ವರ್ಷ ಕಾಡಿಗೆ ಹೋಗಬೇಡಿ. ಇನ್ನೊಂದು ವರ್ಷ ಅಭ್ಯಾಸ ಮಾಡಿ, ಆಮೇಲೆ ಹೋಗಿ.